ಡಬ್ಬಗಳ್ಳಿ ಹಣ್ಣು ತಿಂದ ವರ

ನಮ್ಮ ಮನೆಯ ಕಿಟಕಿಯಲ್ಲಿ ಈಗ ಒಂದು ಡಬ್ಬಗಳ್ಳಿ ವಾಸವಾಗಿದೆ. ಪಿಂಗಾಣಿಯ ಪುಟ್ಟ ಕುಂಡ, ಅದರಲ್ಲಿ ಜರಡಿ ಹಿಡಿದ ಉಸುಕು, ಉಸುಕಿನ ಮೇಲೆ ಬಣ್ಣಬಣ್ಣದ ಹರಳು, ಅವುಗಳ ನಡುವೆ ಅಂಗೈಯಷ್ಟಗಲದ ಎರಡು ಹಸಿರು ಚಪ್ಪಟೆ ಡಬ್ಬ. ಮೊಮ್ಮಗಳು ಹುಬ್ಬಳ್ಳಿಯ ನರ್ಸರಿಯಿಂದ ದುಡ್ಡು ಕೊಟ್ಟು ತಂದಿದ್ದಾಳೆ. ದುಡ್ಡು ಕೊಟ್ಟು ಎಂಬ ಮಾತನ್ನು ನೀವು ಇನ್ನೊಮ್ಮೆ ಓದಿಕೊಳ್ಳಬೇಕು. ನಾನೂ "ಏನಂದಿ?" ಎಂದು ಎರಡು ಸಲ ಕೇಳಿದೆ. ಅಜ್ಜನ ಕಿವಿ ಮಂದವಾಯಿತೆಂದು ತಿಳಿದು ಅವಳು ಮೂರನೆಯ ಸಲ ಕೂಗಿ ಹೇಳಿದಳು.

"ಅಜ್ಜಾ, ಇದಕ್ಕ ಹದಿನೈದು ದಿನಕ್ಕೊಮ್ಮೆ ಒಂದ ಚಮಚಾ ನೀರು ಹಾಕಬೇಕು. ಹೆಚ್ಚಾತಂದ್ರ ಸತ್ತ ಹೋಗತೈತಿ."

ಸತ್ತು ಹೋಗುತ್ತದಂತೆ. ಕಡಿದರೆ ಸಾಯದ, ಸುಟ್ಟರೆ ಸಾಯದ, ಬರಗಾಲಕ್ಕೆ ಬಗ್ಗದ ಈ ಗಿಡ ನನ್ನ ಕೈಯಿಂದ ಒಂದು ಚಮಚ ನೀರು ಹೆಚ್ಚು ಕುಡಿದರೆ ಸಾಯುತ್ತದಂತೆ. ನಾನು ಹೂಂ ಎಂದೆ. ಈ ವಯಸ್ಸಿನಲ್ಲಿ ಮನೆಯೊಳಗೆ ಶಾಂತಿಯಿಂದ ಬಾಳಬೇಕಾದವನಿಗೆ ಹೂಂ ಎಂಬುದಕ್ಕಿಂತ ದೊಡ್ಡ ಆಸ್ತಿಯಿಲ್ಲ. ಆದರೆ ನಿಮ್ಮ ಮುಂದೆ ಹೇಳುತ್ತೇನೆ: ಈ ಗಿಡದ ವಂಶಾವಳಿ ನನಗೆ ಗೊತ್ತು, ನನ್ನ ಮರ್ಯಾದೆಯ ಚರಿತ್ರೆ ಅದಕ್ಕೆ ಗೊತ್ತು. ನಾವಿಬ್ಬರೂ ಎದುರುಬದುರು ಕುಳಿತಾಗ ಮೊದಲು ಕಣ್ಣು ತಗ್ಗಿಸುವವನು ನಾನೇ.

ಪುಸ್ತಕದವರು ಇದನ್ನು ಪಾಪಾಸುಕಳ್ಳಿ ಎನ್ನುತ್ತಾರೆ. ಗದಗ-ಬೆಟಗೇರಿಯಲ್ಲಿ ನಮಗೆ ಅದು ಡಬ್ಬಗಳ್ಳಿ. ಡಬ್ಬದ ಮೇಲೆ ಡಬ್ಬ, ಅದರ ಮೇಲೆ ಮತ್ತೊಂದು ಡಬ್ಬ, ಮೈತುಂಬ ಮುಳ್ಳು, ಎಲೆಯ ಸುದ್ದಿಯೇ ಇಲ್ಲ. ಅದು ಈ ನೆಲದ್ದೂ ಅಲ್ಲ. ಕುಂಪಣಿಯ ಕಾಲದಲ್ಲಿ ಯಾರೋ ಸಾಹೇಬರು ಕೆಂಪು ಬಣ್ಣ ಕೊಡುವ ಹುಳ ಸಾಕುವುದಕ್ಕೆಂದು ಸಮುದ್ರದಾಚೆಯಿಂದ ತರಿಸಿದರಂತೆ. ಹುಳದ ವ್ಯಾಪಾರ ಕುದುರಲಿಲ್ಲ, ಸಾಹೇಬರು ಅದನ್ನು ಮರೆತರು. ಕಳ್ಳಿ ಮಾತ್ರ ಊಟ ಮುಗಿದ ಮೇಲೂ ಏಳದ ನೆಂಟನ ಹಾಗೆ ಉಳಿದುಬಿಟ್ಟಿತು. ಮೊದಲು ಬೇಲಿಗೆಂದು ಬಂತು, ಬೇಲಿಯಿಂದ ಹೊಲಕ್ಕೆ ಇಳಿಯಿತು, ಹಳ್ಳದ ದಂಡೆ ಹಿಡಿಯಿತು, ಅಲ್ಲಿಂದ ಕಪ್ಪತಗುಡ್ಡದ ಬುಡದವರೆಗೂ ಹೋಗಿ ನಿಂತಿತು. ಯಾರ ಪರವಾನಗಿಯನ್ನೂ ಕೇಳಲಿಲ್ಲ.

ನಮ್ಮ ಓಣಿಯ ಹಿತ್ತಲುಗಳಿಗೆಲ್ಲ ಅದೇ ಬೇಲಿ. ಗೋಡೆಗೆ ಸುಣ್ಣ ಬಳಿಯುವಾಗ ಹೆಂಗಸರು ಅದರ ಡಬ್ಬ ಕತ್ತರಿಸಿ ಸುಣ್ಣದ ಗಡಿಗೆಯಲ್ಲಿ ನೆನೆಹಾಕುತ್ತಿದ್ದರು, ಅದರ ಲೋಳೆಗೆ ಸುಣ್ಣ ಗಟ್ಟಿಯಾಗಿ ಹಿಡಿಯುತ್ತದೆಂದು. ಹುಡುಗರು ಡಬ್ಬದ ಮೇಲೆ ಮೊಳೆಯಿಂದ ಹೆಸರು ಕೊರೆಯುತ್ತಿದ್ದರು. ಗಾಯ ಒಣಗಿದ ಮೇಲೆ ಅಕ್ಷರ ಕಲ್ಲಿನಲ್ಲಿ ಕೆತ್ತಿದಷ್ಟು ಗಟ್ಟಿಯಾಗುತ್ತಿತ್ತು. ನಾನೂ ಶಾಲೆಯ ದಾರಿಯಲ್ಲಿ ಎಲ್ಲರಿಗೂ ಕಾಣುವಂತೆ ನನ್ನ ಹೆಸರು ಕೊರೆದೆ. ಮುಂದಿನ ಗಾಳಿಮಳೆಗೆ ಆ ಡಬ್ಬ ಕಳಚಿ ತಲೆಕೆಳಗಾಗಿ ಬಿತ್ತು, ಬಿದ್ದಲ್ಲೇ ಬೇರು ಬಿಟ್ಟಿತು. ನಾನು ಮ್ಯಾಟ್ರಿಕ್ ಮುಗಿಸುವ ತನಕ ನನ್ನ ಹೆಸರು ಆ ದಾರಿಯಲ್ಲಿ ಕಾಲು ಮೇಲೆ ಮಾಡಿಕೊಂಡು ನಿಂತಿತ್ತು.

ಹಣ್ಣಿನ ಮಾತಿಗೆ ಬರುತ್ತೇನೆ. ಬೇಸಿಗೆ ಬಂತೆಂದರೆ ಓಣಿಯ ಹುಡುಗರ ಬಾಯೆಲ್ಲ ಕೆಂಪು. ಕವಲುಕೋಲಿನಿಂದ ಹಣ್ಣು ಕೀಳುವುದು, ಮಣ್ಣಿನಲ್ಲಿ ಹೊರಳಿಸಿ ಕಾಲ್ಮರಿಯ ಅಟ್ಟೆಯಿಂದ ಉಜ್ಜಿ ತೆನೆಯ ಸುಂಕಿನಂಥ ಸಣ್ಣ ಮುಳ್ಳು ತೆಗೆಯುವುದು, ಸೀಳಿ ನಡುವಿನ ಗಟ್ಟಿ ಮುಳ್ಳು ಒಗೆದು ಬಾಯಿಗೆ ಹಾಕುವುದು. ಇದೆಲ್ಲ ನನಗೆ ಬಾಯಿಪಾಠ. ತಿಂದು ಅಲ್ಲ, ನೋಡಿ. ನಮ್ಮ ಅಜ್ಜಿ, "ಅದು ಸಾಹೇಬರ ಹಣ್ಣು, ತಿಂದ್ರ ಹೊಟ್ಟ್ಯಾಗ ಮುಳ್ಳು ಚಿಗಿತಾವ ನೋಡು," ಎಂದು ಹೆದರಿಸಿಟ್ಟಿದ್ದಳು. ನಾನು ಹೇಳಿದ ಮಾತು ಕೇಳುವ ಹುಡುಗ. ಓಣಿಯ ಹುಡುಗರೆಲ್ಲ ಕೆಂಪು ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸುವಾಗ ನಾನು ನನ್ನ ಸಪ್ಪೆ ನಾಲಿಗೆಯನ್ನು ಬಾಯೊಳಗೇ ಇಟ್ಟುಕೊಂಡು ದೊಡ್ಡವನಾದೆ.

ಸ್ವಾತಂತ್ರ್ಯ ಬಂದ ವರ್ಷ ಹೈಸ್ಕೂಲಿನಲ್ಲಿದ್ದೆ. ಪ್ರಭಾತಫೇರಿಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತ್ತು. ಆದರೂ ದೇಶಕ್ಕೆ ನನ್ನಿಂದ ಏನೂ ಆಗಲಿಲ್ಲವೆಂಬ ಕೊರಗು. ಆಗ ನನಗೊಂದು ಯುಕ್ತಿ ಹೊಳೆಯಿತು. ಸಾಹೇಬ ಹೋದ, ಅವನ ಕಳ್ಳಿ ಯಾಕೆ ಉಳಿಯಬೇಕು? ಏಳೆಂಟು ಗೆಳೆಯರನ್ನು ಸೇರಿಸಿ, ಮನೆಮನೆಯಿಂದ ಕೊಡಲಿ ಕುಡುಗೋಲು ತರಿಸಿ, ಓಣಿಯ ಕೊನೆಗಿದ್ದ ಒಬ್ಬ ನೇಕಾರ ಮುದುಕನ ಹಿತ್ತಲ ಬೇಲಿಯನ್ನು ಕಡಿಸಿದೆ. ಸುಮ್ಮನೆ ಕಡಿಯಲಿಲ್ಲ, ತುಂಡು ತುಂಡು ಮಾಡಿ, ಗೆದ್ದವರ ಠೇಂಕಾರದಲ್ಲಿ ಹಳ್ಳದ ದಂಡೆಗೆ, ದಾರಿಯ ಎರಡೂ ಬದಿಗೆ ಎಸೆದೆವು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಒಂದೊಂದು ತುಂಡೂ ಎದ್ದು ಕುಳಿತು ಎರಡೆರಡು ಕಿವಿ ಬಿಟ್ಟಿತ್ತು.

ಮುದುಕ ನನ್ನನ್ನು ದಾರಿಯಲ್ಲಿ ತಡೆದು ನಿಲ್ಲಿಸಿದ. ಬಯ್ಯುತ್ತಾನೆಂದುಕೊಂಡೆ. ಬಯ್ಯಲಿಲ್ಲ.

"ತಮ್ಮಾ, ಇಂಗ್ರೇಜರು ಇಷ್ಟ ವರ್ಷ ಇದ್ದು ಇಲ್ಲಿ ಒಂದ ಬೇಲಿ ಹಚ್ಚಿದ್ರು. ನೀ ಒಂದ ಮಳಿಗಾಲದಾಗ ಊರ ತುಂಬ ಹಚ್ಚಿದಿ. ಇನ್ನ ದೇಶ ನಿಮ್ಮ ಕೈಯಾಗ ಐತಿ, ದೇವರ ಕಾಯಬೇಕು."

ಆಗಿನ ನಮ್ಮ ಸೀಮೆಯ ನಕಾಶೆಯನ್ನು ಇಂದಿನವರಿಗೆ ತಿಳಿಸಿ ಹೇಳುವುದು ಕಷ್ಟ. ಗದಗ, ಮುಂಡರಗಿ ಇಂಗ್ರೇಜರೇ ನೇರವಾಗಿ ಆಳುವ ಖಾಲಸಾ. ಶಿರಹಟ್ಟಿ ಒಂದು ಸಂಸ್ಥಾನದ್ದು, ಲಕ್ಷ್ಮೇಶ್ವರ ಇನ್ನೊಂದರದ್ದು. ಬೆಳಿಗ್ಗೆ ಕಟ್ಟಿಕೊಂಡ ಬುತ್ತಿಯನ್ನು ಮಧ್ಯಾಹ್ನ ಬಿಚ್ಚುವಷ್ಟರಲ್ಲಿ ಮೂರು ಸರಕಾರ ದಾಟಿರುತ್ತಿದ್ದೆವು. ಎಷ್ಟೋ ಕಡೆ ಗಡಿಯ ಗುರುತೆಂದರೆ ಇದೇ ಡಬ್ಬಗಳ್ಳಿಯ ಸಾಲು. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದವು, ನಾಕಾದಲ್ಲಿ ನಿಂತು ಗಂಟು ಬಿಚ್ಚಿಸುತ್ತಿದ್ದ ಪೊಲೀಸರು ಹೋದರು. ಕಳ್ಳಿಗೆ ಮಾತ್ರ ಯಾರೂ ಆ ಖಬರು ಮುಟ್ಟಿಸಲಿಲ್ಲ. ಸಂಸ್ಥಾನವಿಲ್ಲದ ಸಂಸ್ಥಾನದ ಗಡಿಯನ್ನು ಅದು ನಿಷ್ಠೆಯಿಂದ ಕಾಯುತ್ತಲೇ ಇತ್ತು.

ಅಷ್ಟರಲ್ಲಿ ನಾನು ಗದಗಿನ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ, ಸಂಜೆಯ ಸಭೆಗಳಲ್ಲಿ ಭಾಷಣಕಾರನೂ ಆಗಿದ್ದೆ. ಕರ್ನಾಟಕದ ಏಕೀಕರಣ ಇಂದೋ ನಾಳೆಯೋ ಎನ್ನುವ ದಿನಗಳು. "ನಮ್ಮನ್ನು ಬೇರೆ ಮಾಡಿದ ಬೇಲಿಗಳನ್ನು ಕಿತ್ತೊಗೆಯಬೇಕು" ಎಂಬುದು ನನ್ನ ಭಾಷಣದ ಬಂಗಾರದಂಥ ಮಾತು. ಬೆಟಗೇರಿಯಲ್ಲಿ ಆ ಮಾತು ಹೇಳಿದಾಗಲೆಲ್ಲ ಹಿಂದಿನ ಸಾಲಿನಿಂದ ಯಾರಾದರೊಬ್ಬರು, "ಕಿತ್ತು ಒಗೀಬ್ಯಾಡ್ರಿ ಮಾಸ್ತರ, ಮತ್ತ ಹುಟ್ಟತಾವು," ಎನ್ನುತ್ತಿದ್ದರು. ನೇಕಾರ ಮುದುಕ ತೀರಿಕೊಂಡಿದ್ದ, ಅವನ ಮಾತು ಓಣಿಯಲ್ಲಿ ಉಳಿದಿತ್ತು.

ಅಂಥ ದಿನಗಳಲ್ಲೇ, ಶಿವರಾತ್ರಿ ಕಳೆದ ಮೇಲೆ, ನಾನು ಬೆಳ್ಳಟ್ಟಿಗೆ ಕನ್ಯೆ ನೋಡಲು ಹೊರಟೆ. ಜೊತೆಗೆ ಸೋದರಮಾವ ಬಸಣ್ಣ. ನನ್ನ ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಜಮಾನಿಕೆ ಅವರದೇ. ಪೇಟೆಯಲ್ಲಿ ಅರಳೆಯ ದಲಾಲರು. ಅರಳೆಯ ಎಳೆ ಎಳೆದು ನೋಡಿ ಬೆಲೆ ಕಟ್ಟುವ ಕಣ್ಣಿನಿಂದಲೇ ಮನುಷ್ಯರನ್ನೂ ನೋಡುತ್ತಿದ್ದರು. ಕನ್ಯೆ ನೋಡುವುದರಲ್ಲಿ ಅವರವೇ ಎರಡು ಕಾನೂನು. ಒಂದು, ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅವರ ಮನೆಯ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದರೆ ಹೆಣ್ಣಿನ ಕಡೆಯವರಿಗೆ ಸಮಾಧಾನ. ಎರಡು, ಅವರ ಗಾಡಿ ಹತ್ತಬಾರದು. ಹತ್ತಿದರೆ ಮಾತುಕತೆಯಲ್ಲಿ ನಮ್ಮ ದನಿ ತಗ್ಗುತ್ತದೆ. ಶಿರಹಟ್ಟಿಗೆ ಗಾಡಿ ಕಳಿಸುತ್ತೇವೆಂದು ಬೆಳ್ಳಟ್ಟಿಯವರು ಹೇಳಿಕಳಿಸಿದ್ದರು, ಮಾವ ಬೇಡವೆಂದಿದ್ದರು. ಹೀಗಾಗಿ ನಸುಕಿನ ಮೋಟಾರಿನಲ್ಲಿ ಶಿರಹಟ್ಟಿಗೆ ಇಳಿದು, ಬರಿ ಹೊಟ್ಟೆಯಲ್ಲಿ, ಕರಿಕೋಟು ಹಾಕಿಕೊಂಡು, ಎರೆಹೊಲಗಳ ನಡುವಿನ ದಾರಿ ಹಿಡಿದು ನಡೆದೆವು.

"ಹುಡುಗಿ ಹೆಸರು ನೀಲವ್ವ. ಏಳನೇ ಇಯತ್ತೆ ಮುಲ್ಕಿ ಪರೀಕ್ಷಾ ಪಾಸಾಗ್ಯಾಳ," ಎಂದು ಮಾವ ದಾರಿಯಲ್ಲಿ ವರದಿ ಒಪ್ಪಿಸಿದರು. "ಮೂರು ಕಡಿಯವ್ರು ನೋಡಿ ಹೋಗ್ಯಾರ. ಒಬ್ರಿಗೆ ಬಣ್ಣ ಕಪ್ಪಾತು, ಒಬ್ರಿಗೆ ಎತ್ತರ ಹೆಚ್ಚಾತು, ಒಬ್ರಿಗೆ ಓದಿದ್ದ ಹೆಚ್ಚಾತು."

"ನಾವೂ ಒಲ್ಲೆ ಅಂದ್ರ ಏನಾಗತೈತ್ರಿ ಮಾವ?"

"ಏನಾಗೂದು. ಮುಂಡರಗಿಯಾಗ ಒಬ್ಬಾವ ಅದಾನ. ಹೆಂಡ್ತಿ ತೀರಿಕೊಂಡಾಳ, ಮೂರು ಮಕ್ಕಳು, ವಯಸ್ಸು ನನ್ನ ವಾರಗಿ. ಅವಗ ಕೊಡತಾರಂತ. ಹುಡುಗಿಗೆ ಸುತರಾಂ ಮನಸ್ಸಿಲ್ಲಂತ. ಆದ್ರ ಹುಡುಗಿ ಮನಸ್ಸು ಯಾರ ಕೇಳ್ತಾರ?"

ಒಂದು ಹೆಣ್ಣಿನ ಬಾಳು ನನ್ನ ಹೂಂ, ಊಹೂಂಗಳ ಮೇಲೆ ನಿಂತಿದೆ ಎಂದು ಕೇಳಿದಾಗ ಯಾರಿಗಾದರೂ ಮರುಕ ಬರಬೇಕು. ನಾನು ಕೋಟಿನ ಗುಂಡಿ ಸರಿಮಾಡಿಕೊಂಡೆ.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರ. ಮಾವನ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿತ್ತು. ಅವರು ನೆರಳಿಗೆ ಕಾಲು ಚಾಚಿದರು, ಅಲ್ಲೇ ಜೋಂಪು ಹತ್ತಿತು. ನನಗೆ ಹೊಟ್ಟೆಯಲ್ಲಿ ಬೆಂಕಿ. ಎದುರಿಗೆ ಎರಡಾಳೆತ್ತರದ ಡಬ್ಬಗಳ್ಳಿಯ ಬೇಲಿ, ಅದರ ತಲೆಯ ತುಂಬ ಮಾಗಿ ಕಪ್ಪುಗೆಂಪಾದ ಹಣ್ಣು. ಅಜ್ಜಿ ಸತ್ತು ಆರು ವರ್ಷವಾಗಿತ್ತು. ಸುತ್ತ ನೋಡಿದೆ. ಮಾಸ್ತರ, ಭಾಷಣಕಾರ, ಇಪ್ಪತ್ಮೂರು ವರ್ಷದ ವರ, ಕವಲುಕೋಲು ಹುಡುಕಲು ಹೊರಟೆ.

ಮೊದಲನೆಯ ಹಣ್ಣು ತಿಂದದ್ದು ಹಸಿವೆಗೆ. ಎರಡನೆಯದು ರುಚಿಗೆ. ಮೂರನೆಯದು ಅಜ್ಜಿಯ ಮೇಲಿನ ಸಿಟ್ಟಿಗೆ, ಇಷ್ಟು ವರ್ಷ ಇದನ್ನು ತಪ್ಪಿಸಿದಳಲ್ಲ ಎಂದು. ಆಮೇಲಿನವಕ್ಕೆ ಕಾರಣ ಕೇಳಬೇಡಿ. ಹುಳಿಸಿಹಿ ರಸ, ಹಲ್ಲಿಗೆ ಸಿಗುವ ಗಟ್ಟಿ ಬೀಜ, ಮೊಣಕೈತನಕ ಇಳಿಯುವ ಕೆಂಪು. ಉಜ್ಜುವ ವಿದ್ಯೆ ಬಾಯಿಪಾಠವಿತ್ತೇ ಹೊರತು ಕೈಗೆ ಬಂದಿರಲಿಲ್ಲ. ತುಟಿಗೆ, ಬೆರಳಿಗೆ ಸುಂಕಿನ ಮುಳ್ಳು ಸೇರಿಕೊಂಡವು. ಅದೂ ಒಂದು ಸುಖವೆಂದೇ ತಿಂದೆ. ಮಾವ ಕೆಮ್ಮುತ್ತ ಎದ್ದಾಗ ಓಡಿಹೋಗಿ ಹಳ್ಳದಲ್ಲಿ ಬಾಯಿ ಕೈ ತೊಳೆದು, ಏನೂ ಅರಿಯದವನ ಹಾಗೆ ಟೊಪ್ಪಿಗೆ ಹಾಕಿಕೊಂಡು ನಿಂತೆ.

ಬೆಳ್ಳಟ್ಟಿಯ ಮನೆ ದೊಡ್ಡದು. ಬಾಗಿಲ ಒಳಗೆ ಕೆಳಗಿನ ಅಂಕಣದಲ್ಲಿ ಎತ್ತು, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅಲ್ಲಿ ಜಮಖಾನ. ಹುಡುಗಿಯ ಅಪ್ಪ ಶಿವಲಿಂಗಪ್ಪನವರು ಕೈಕಾಲಿಗೆ ನೀರು ಕೊಡಿಸಿದರು. ರಾಹುಕಾಲ ಕಳೆಯುವ ತನಕ ಶಾಸ್ತ್ರವಿಲ್ಲವೆಂದು ನಮ್ಮನ್ನು ಮಾತಿಗೆ ಕೂಡಿಸಿದರು. ಮಾವ ಅರಳೆಯ ಧಾರಣೆ ಹೇಳಿದರು, ನಾನು ಏಕೀಕರಣ ಹೇಳಿದೆ. ಗಡಿಗಳೆಲ್ಲ ಅಳಿಯಬೇಕು ಎನ್ನುವಷ್ಟರಲ್ಲಿ ಒಂದಕ್ಕೆ ಅವಸರವಾಯಿತು. ಎದ್ದು ಹಿತ್ತಲಿಗೆ ಹೋಗಿ ಬಣವೆಯ ಮರೆಗೆ ನಿಂತೆ.

ಅಲ್ಲೊಂದು ಬಿಳಿ ಕಲ್ಲಿತ್ತು. ನೋಡನೋಡುತ್ತ ಅದು ಕೆಂಪಾಯಿತು.

ನಾನು ಶಾಲೆಯಲ್ಲಿ ಆರನೆಯ ಇಯತ್ತೆಗೆ ಆರೋಗ್ಯದ ಪಾಠ ಹೇಳುತ್ತಿದ್ದೆ. ಮೂತ್ರದಲ್ಲಿ ರಕ್ತ ಕಂಡರೆ ಅದು ಮಹಾರೋಗದ ಲಕ್ಷಣ ಎಂದು ಅದೇ ವಾರ ಹುಡುಗರಿಂದ ಮೂರು ಸಲ ಬರೆಸಿದ್ದೆ. ಓದಿದವನ ಹಣೆಬರಹವೇ ಹೀಗೆ, ಸಾಯುವುದಕ್ಕೂ ಪಾಠದಲ್ಲಿ ಆಧಾರ ಸಿಗುತ್ತದೆ. ಹಣ್ಣು ನೆನಪಿಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅಜ್ಜಿಯ ಮಾತಿನ ಜೊತೆಗೇ ಬಂತು: ಹೊಟ್ಟೆಯಲ್ಲಿ ಮುಳ್ಳು ಚಿಗಿತಿವೆ, ಕರುಳು ಹರಿದಿದೆ. ಆರೋಗ್ಯದ ಪಾಠ ಒಂದು ಕಡೆ, ಅಜ್ಜಿ ಒಂದು ಕಡೆ, ಇಬ್ಬರೂ ಸೇರಿ ನನ್ನನ್ನು ಬಣವೆಗೆ ಆನಿಸಿ ನಿಲ್ಲಿಸಿದರು. ವಿಧವೆ ತಾಯಿ ಕಣ್ಣ ಮುಂದೆ ಬಂದಳು. ಕರ್ನಾಟಕ ಒಂದಾಗುವುದನ್ನು ನಾನು ಕಾಣಲಾರೆ ಎಂದೂ ಅನಿಸಿತು.

ಒಳಗೆ ಬಂದಾಗ ಶಾಸ್ತ್ರ ಸುರುವಾಗಿತ್ತು. ಮೂಲೆಯಲ್ಲಿ ಹುಡುಗಿಯ ಅಜ್ಜಿ ಕುಳಿತಿದ್ದಳು. ಬಾಗಿಲ ಮರೆಯಲ್ಲಿ ಹುಡುಗಿಯ ತಾಯಿಯ ಬಳೆಯ ಸಪ್ಪಳ. ನೀಲವ್ವ ಉಪ್ಪಿಟ್ಟಿನ ತಾಟು ಹಿಡಿದು ಬಂದಳು. ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ. ಕನ್ಯೆ ತೋರಿಸುವಾಗ ಹುಡುಗಿ ಕಣ್ಣೆತ್ತಬಾರದು, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ನೇಮ. ನಾನು ಎರಡೂ ಕೈ ಚಾಚಿ ತಾಟು ತೆಗೆದುಕೊಂಡೆ.

"ಹುಡುಗಿಗೆ ಏನರ ಕೇಳೂದಿದ್ರ ಕೇಳಪಾ," ಎಂದರು ಮಾವ.

ನಾನು ತಾಟು ಕೆಳಗಿಟ್ಟು ಎದ್ದು ನಿಂತೆ. ಹುಡುಗಿಯನ್ನು ಬಿಟ್ಟು ಅವಳ ಅಪ್ಪನ ಕಡೆ ತಿರುಗಿದೆ.

"ಯಜಮಾನ್ರ, ನಾ ಲಗ್ನಕ್ಕ ಯೋಗ್ಯ ಇಲ್ರಿ. ನನಗ ದೊಡ್ಡ ಬ್ಯಾನಿ ಹತ್ತೈತಿ. ನಿಮ್ಮ ಮಗಳ ಬಾಳೇವು ಹಾಳ ಮಾಡಾಕ ನನಗ ಮನಸ್ಸಿಲ್ಲ."

"ಏನ್ ಬ್ಯಾನಿಲೇ? ಮುಂಜಾನಿ ಕಲ್ಲಿನಂಗ ಇದ್ದಿ," ಎಂದರು ಮಾವ ನನ್ನ ಧೋತರ ಜಗ್ಗುತ್ತ.

"ಒಂದಕ್ಕ ಹೋದ್ರ ರಕ್ತ ಹೊಂಟೈತ್ರಿ ಮಾವ."

ಬಾಗಿಲ ಮರೆಯ ಬಳೆ ನಿಂತವು. ಶಿವಲಿಂಗಪ್ಪನವರ ಮುಖ ಬಿಳಿಚಿತು. ನಾಲ್ಕನೆಯವನೂ ಹೋದ, ಅದೂ ಹುಡುಗಿಯ ಕುಂದು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳದೆ. ಅವರು ಮೆಲ್ಲಗೆ, "ಆತು ಬಿಡ್ರಿ. ನಮ್ಮ ದೈವ. ಮುಂಡರಗಿಯವ್ರಿಗೆ ಬರ್ರಿ ಅಂತ ಹೇಳಿ ಕಳಸ್ತೀವಿ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ, ಗೋಡೆಗೆ ಹೇಳಿದಂತಿತ್ತು.

ಆಗ ನೀಲವ್ವ ಬಾಯಿ ತೆರೆದಳು. ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ.

"ಎಷ್ಟು ತಿಂದ್ರಿ?"

ಕೇಳಿದ್ದು ನನಗೆ. "ಏನು?" ಎಂದೆ.

"ಕಳ್ಳಿ ಹಣ್ಣು. ಉಗುರಾಗ ಕೆಂಪೈತಿ. ಬೆರಳಾಗ ಸುಂಕ ಐತಿ."

ತಲೆ ತಗ್ಗಿಸಿ ನಿಂತ ಹುಡುಗಿಗೆ ಕಾಣುವುದು ತಾಟು ಹಿಡಿಯುವ ಕೈಯಷ್ಟೇ. ನನ್ನ ಮುಖ ನೋಡಿರಲಿಲ್ಲ, ಕೋಟು ನೋಡಿರಲಿಲ್ಲ. ಕೈಯನ್ನು ಮಾತ್ರ ಚೆನ್ನಾಗಿ ನೋಡಿದ್ದಳು.

"ಎಣಿಸಿಲ್ಲ," ಎಂದೆ. "ಇಪ್ಪತ್ತರ ಮ್ಯಾಲ ಆಗಿರಬೇಕು."

"ಅಷ್ಟು ತಿಂದ್ರ ಹಂಗ ಆಗತೈತಿ. ರಕ್ತ ಅಲ್ಲದು, ಹಣ್ಣಿನ ಬಣ್ಣ. ನಾಳಿ ಮುಂಜಾನಿ ಅನ್ನೂದ್ರಾಗ ತಿಳಿ ಆಗತೈತಿ." ಇಷ್ಟಕ್ಕೆ ಅವಳು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನಗೂ ಆಗಿತ್ತು. ಹೋದ ವಾರ."

ಮದುವೆಗೆ ಬಂದ ಹುಡುಗಿ, ಮುಲ್ಕಿ ಪಾಸಾದವಳು, ಇನ್ನೂ ಬೇಲಿ ಬೇಲಿ ತಿರುಗಿ ಕಳ್ಳಿ ಹಣ್ಣು ತಿನ್ನುತ್ತಾಳೆ, ತಿಂದದ್ದನ್ನು ಮಾತ್ರವಲ್ಲ ಆಮೇಲಿನದನ್ನೂ ಪರ ಗಂಡಸರ ಮುಂದೆ ಹೇಳುತ್ತಾಳೆ. ತಾಯಿ ಒಳಗಿನಿಂದ ಬಾಗಿಲು ಬಡಿದಳು. ಶಿವಲಿಂಗಪ್ಪನವರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಮೂಲೆಯಲ್ಲಿದ್ದ ಅಜ್ಜಿ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡತೊಡಗಿದಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ನಗು ಹತೋಟಿಗೆ ಬಂದ ಮೇಲೆ ಚಿಮಟಿಗೆ ತರಿಸಿ, ನನ್ನನ್ನು ಬೆಳಕಿಗೆ ಕೂಡಿಸಿ, ತುಟಿಯ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಕನ್ಯೆ ನೋಡಲು ಬಂದವನನ್ನು ಇಡೀ ಮನೆ ಸುತ್ತ ನಿಂತು ನೋಡಿತು.

ಮಾವ ದಲಾಲರು. ಮಾಲು ಪರೀಕ್ಷಿಸದೆ ಮಾತು ಕೊಡುವವರಲ್ಲ. "ನಾಳಿ ಮುಂಜಾನಿ ತನಕ ನೋಡೂಣು," ಎಂದು ಅಲ್ಲೇ ಉಳಿದರು. ಮರುದಿನ ಬೆಳಗಿನಲ್ಲಿ ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಹಿರಿಯರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಅಷ್ಟೊಂದು ಗಮನದಿಂದ ನನ್ನ ಮಾತು ಕೇಳಲು ಕಾದ ಸಭೆಯನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

"ತಿಳಿ ಐತ್ರಿ," ಎಂದೆ.

ಅಜ್ಜಿ ಸಕ್ಕರೆ ತರಲು ಎದ್ದಳು.

ಬರುವಾಗ ಗಾಡಿಯಲ್ಲೇ ಬಂದೆವು, ಮಾವನ ಹಿಮ್ಮಡಿಗೆ ಅವರ ಕಾನೂನಿಗಿಂತ ಹೆಚ್ಚು ನೋವಾಗಿತ್ತು. ಅದೇ ಬೇಸಿಗೆಯಲ್ಲಿ ಮದುವೆಯಾಯಿತು. ಮುಂದೆ ಏಕೀಕರಣವೂ ಆಯಿತು. ಆ ದಿನ ಗದಗಿನಲ್ಲಿ ನಾನು ಮಾಡಿದ ಭಾಷಣದಲ್ಲಿ ಬೇಲಿಯ ಮಾತು ಬಿಟ್ಟೆ. ಹೆಂಡತಿ ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತಿದ್ದಳು. ಬರಬರುತ್ತ ಕಳ್ಳಿಗೆ ಹತ್ತಿಯಂಥ ಬಿಳಿ ಹುಳ ಬಿತ್ತು, ಬೇಲಿಗಳು ಕುಸಿದವು. ಹೊಂಬಳ, ಲಕ್ಕುಂಡಿ ಕಡೆ ಈಗ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ನಮ್ಮ ಕೊಡಲಿಗಳಿಂದ ಆಗದ ಕೆಲಸವನ್ನು ಹುಳ ಮಾಡಿತು, ಭಾಷಣವನ್ನೂ ಮಾಡಲಿಲ್ಲ.

ಮದುವೆಯಾದ ಹೊಸತರಲ್ಲಿ ನೀಲವ್ವನನ್ನು ಕೇಳಿದ್ದೆ, ಅಂದು ಎಲ್ಲರ ಮುಂದೆ ಯಾಕೆ ಬಾಯಿ ಬಿಟ್ಟೆ ಎಂದು. ಅವಳು ಹೇಳಿದ ಉತ್ತರ ನನಗೆ ಇಂದಿಗೂ ಬಾಯಿಪಾಠ. "ಬಂದಾವ್ರೆಲ್ಲಾ ನನ್ನ ಕುಂದು ಎಣಿಸಿ ಹೋದ್ರು. ತನ್ನ ಕುಂದು ತಾನ ಹೇಳಿದಾವ್ರು ನೀವೊಬ್ರ. ಅದಕ್ಕ."

ಈ ಮಾತನ್ನು ಅವಳು ಬೀಗರ ಮುಂದೆ ಹೇಳಿದ್ದಾಳೆ, ಮಕ್ಕಳ ಮುಂದೆ ಹೇಳಿದ್ದಾಳೆ, ಸೊಸೆಯರಿಗೆ ಹೇಳಿದ್ದಾಳೆ. ಐವತ್ತು ವರ್ಷ ನಾನು ಅದನ್ನು ಕೇಳಿ ವಿನಯದಿಂದ ತಲೆ ತಗ್ಗಿಸಿ, ಒಳಗೊಳಗೇ ಉಬ್ಬಿದ್ದೇನೆ. ಈಗ ನಿಜ ಹೇಳಿಬಿಡುತ್ತೇನೆ. ಅಂದು ನಾನು ಎದ್ದು ನಿಂತದ್ದು ಸತ್ಯಸಂಧತೆಯಿಂದಲ್ಲ. ಸಂಜೆಯ ಕೊನೆಯ ಮೋಟಾರು ಶಿರಹಟ್ಟಿಯಿಂದ ಐದಕ್ಕೆ ಹೊರಡುತ್ತಿತ್ತು. ಅದು ಸಿಕ್ಕರೆ ಗದಗಿನ ದೊಡ್ಡ ದವಾಖಾನೆ, ಸಿಗದಿದ್ದರೆ ಸಾವು. ನಡೆದು ಹೋದರೆ ಸಿಗುತ್ತಿರಲಿಲ್ಲ. ಸಂಬಂಧ ಮುರಿದರೆ ಹಾಡು, ಹಸೆ, ಊಟ ಎಂದು ಯಾರೂ ನಮ್ಮನ್ನು ಹಿಡಿದಿಡುವುದಿಲ್ಲ, ರೋಗಿಯೆಂದರೆ ಕೂಡಲೇ ಗಾಡಿ ಕಟ್ಟುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಮಗಳ ಬಾಳು ಹಾಳಾಗಬಾರದು ಎಂಬ ಮಾತು ಭಾಷಣ ಮಾಡುವವನ ಬಾಯಿಗೆ ತಾನಾಗಿ ಬಂದದ್ದು. ಮುಂಡರಗಿಯ ಮನುಷ್ಯ ಆಗ ನನಗೆ ನೆನಪೂ ಆಗಲಿಲ್ಲ.

ಬರೆದದ್ದನ್ನೆಲ್ಲ ಮೊದಲು ಹೆಂಡತಿಗೆ ಓದಿ ಹೇಳುವುದು ನನ್ನ ರೂಢಿ. ಇದನ್ನೂ ಓದಿದೆ. ಮೇಲಿನ ಸಾಲುಗಳು ಬಂದಾಗ ದನಿ ತಾನಾಗಿ ಇಳಿಯಿತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ಗೊತ್ತಿತ್ತು," ಅಂದಳು.

"ಹೆಂಗ ಗೊತ್ತಿತ್ತು?"

"ತಲಿ ತಗ್ಗಿಸಿದಾಕಿಗೆ ಕಾಲೂ ಕಾಣತಾವಲ್ರಿ. ಬಾಯಾಗ ನನ್ನ ಬಾಳೇವಿನ ಮಾತು ಇತ್ತು, ಕಾಲು ಎತ್ತಿನ ಕಡಿ ತಿರುಗಿದ್ವು."

"ಮತ್ತ ಇಷ್ಟ ವರ್ಷ ಮಂದಿ ಮುಂದ ಹೇಳಿದ ಮಾತು?"

"ಮಂದಿ ಕೇಳ್ತಾರ. ಏನರ ಛಲೋದ್ದ ಒಂದ ಕಾರಣ ಹೇಳಬೇಕಲ್ಲ." ಅವಳು ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ಮುಂಡರಗಿಯಾಂವ ಎರಡು ಸಲ ಬಂದು ಪಡಸಾಲ್ಯಾಗ ಕುಂತು ಹೋಗಿದ್ದ. ನೀವು ಎದ್ದು ನಿಂತ ಕೂಡಲೆ ನನ್ನ ಜೀವ ಹಾರಿ ಹೋತು. ನಿಮಗ ಸಾಯೂ ಭಯ, ನನಗೂ ಅದ ಭಯ. ನಿಮಗೊಂದು ಗಾಡಿ ಬೇಕಾಗಿತ್ತು. ನನಗೂ ಗಾಡಿನ ಬೇಕಾಗಿತ್ತು."

ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೆದರಿಕೆಯನ್ನು ನನ್ನ ಗುಣವೆಂದು ತಿಳಿದು ಐವತ್ತು ವರ್ಷ ಬೀಗಿದ್ದೆ. ನಾಚಿಕೆಯಾಯಿತು. ಕೈಯಲ್ಲಿದ್ದ ಹಾಳೆಗಳನ್ನು ಮಡಿಚತೊಡಗಿದೆ.

"ಮುಂದ ಓದ್ರಿ," ಅಂದಳು.

ಮುಂದೆ ನಾನು ಏನೂ ಬರೆದಿರಲಿಲ್ಲ.